ಮನೆಯಲ್ಲೇ ಮೇಣದ ಬತ್ತಿ
ರಜೆಯಲ್ಲಿ ನಾಲ್ಕಾರು ಮಕ್ಕಳು ಕೂಡಿ ಮೇಣದ ಬತ್ತಿ ಮಾಡುವುದು ಸೊಗಸಾದ ಆಟವೇ. ಆದರೆ ಒಲೆಯ ಬಳಿ ಹಿರಿಯರೊಬ್ಬರು ಇರಲೇಬೇಕು.

ಪ್ಯಾರಾಫಿನ್ ಮೇಣ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಅದರ ಪಾತ್ರೆಯನ್ನು ಕುದಿಯುವ ನೀರಿನಲ್ಲಿಡಿ. ನೀರು ಬತ್ತದಿರುವ ತನಕ ಮೇಣದ ಬಿಸಿ 100 ಡಿಗ್ರಿ ದಾಟದು. ನೇರ ಉರಿಯಲ್ಲಿ ಅತಿಯಾಗಿ ಕಾದರೆ ಮೇಣದ ಆವಿಗೆ ಬೆಂಕಿ ಹತ್ತೀತು. ಆಗ ನೀರು ಸುರಿದಿರೋ, ಕೆಟ್ಟಿರಿ! ನೀರು ತಳಕ್ಕಿಳಿದು ಥಟ್ಟನೆ ಹಬೆಯಾಗಿ, ಉರಿಯುವ ಮೇಣವನ್ನೇ ಎರಚುತ್ತದೆ. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಬೇಕು.

ಅಚ್ಚಿನ ನಡುವೆ ಹತ್ತಿಯ ದಾರ ನಿಲ್ಲಿಸಿ ಮೇಣ ಹೊಯ್ಯಿರಿ. ಆರುವಾಗ ಕುಗ್ಗಿ ಗುಳಿ ಬೀಳುತ್ತದೆ, ಮತ್ತಷ್ಟು ಹೊಯ್ದರಾಯಿತು.

ಸಿದ್ಧವಾದ ಬತ್ತಿಯನ್ನು ಹಚ್ಚಿ, ಊದಿ ಆರಿಸಿ, ಏಳುವ ಬಿಳಿ ಹೊಗೆಗೆ ಕೂಡಲೇ ಉರಿಯುವ ಕಡ್ಡಿ ಹಿಡಿಯಿರಿ. ದಾರವನ್ನು ಮುಟ್ಟದೆಯೇ ಬತ್ತಿ ಹೊತ್ತಿಕೊಳ್ಳುತ್ತದೆ! ಇಲ್ಲೂ ಉರಿಯುವುದು ಆ ಆವಿಯೇ. 1860ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಮಕ್ಕಳಿಗೆ ಮಾಡಿ ತೋರಿಸಿದ್ದೂ ಇದನ್ನೇ.