ಪವರ್ ಸ್ಟೀರಿಂಗ್ ಪಂಪಿನ ಮರುಜೋಡಣೆ: ಕ್ರಮ ಮತ್ತು ಕಾರಣ

ಸತ್ಯಮಂಗಲದಿಂದ ನಮ್ಮ ತಾಳವಾಡಿಯ ಕಡೆಗೆ ಬರುವವರು ದಿಂಬಂ ಘಾಟಿಯ 27 ಕಡುತಿರುವುಗಳನ್ನು ದಾಟಬೇಕು. ಪ್ರತಿಯೊಂದು ತಿರುವಿನಲ್ಲಿಯೂ ಬಸ್ಸು ಬಹಳ ನಿಧಾನವಾಗಿ ಸಾಗುತ್ತದೆ. ಚಾಲಕನಾದರೋ ಸ್ಟೀರಿಂಗ್ ಚಕ್ರವನ್ನು ಹೆಚ್ಚು ಕಡಮೆ ಕೊನೆಯವರೆಗೂ ತಿರುಗಿಸಬೇಕಾಗುತ್ತದೆ. ಭಾರ ಹೊತ್ತ ಮುಂದಿನ ಗಾಲಿಗಳನ್ನು ಹೀಗೆ ಹೊರಳಿಸಲು ತೋಳಿನ ಬಲವೊಂದೇ ಸಾಲದು. ಉಳಿದ ಬಲವನ್ನು ಒದಗಿಸುವುದು ಎಂಜಿನ್ನಿನ ಪಕ್ಕದಲ್ಲಿರುವ, ಅಂಗೈಯಗಲದ ಒಂದು ಪಂಪು. ಈ ಪಂಪನ್ನು ಬಿಚ್ಚಿದ ಬಳಿಕ ಮತ್ತೆ ಜೋಡಿಸುವ ಬಗೆಯನ್ನೂ, ಆ ಜೋಡಣೆಯಲ್ಲಿ ಕ್ರಮವು ಏಕೆ ಮುಖ್ಯವೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಮೊದಲು ಅದರ ಕಾರ್ಯವಿಧಾನವನ್ನು ತಿಳಿಯೋಣ. ಪಂಪಿನ ನಡುವೆ ಎಂಜಿನ್ನಿನ ಬಲದಿಂದ ತಿರುಗುವ ರೋಟರ್ ಎಂಬ ಉಕ್ಕಿನ ಬಿಲ್ಲೆಯಿದೆ. ಅದರ ಅಂಚಿನುದ್ದಕ್ಕೂ ಸೀಳುಗಳಿದ್ದು, ಒಂದೊಂದರಲ್ಲಿಯೂ ವೇನ್ ಎಂಬ ತೆಳುವಾದ ಉಕ್ಕಿನ ಪಟ್ಟಿ ಸಡಿಲವಾಗಿ ಕುಳಿತಿರುತ್ತದೆ. ಅನೇಕ ಪಂಪುಗಳಲ್ಲಿ ಇಂತಹ ಹತ್ತು ಪಟ್ಟಿಗಳಿರುತ್ತವೆ. ರೋಟರನ್ನು ಸುತ್ತುವರಿದಿರುವುದು ಕ್ಯಾಮ್ ರಿಂಗ್ ಎಂಬ ಉಂಗುರ. ಇದರ ಹೊರಮೈ ದುಂಡಗಿದ್ದರೂ ಒಳಮೈ ಅಂಡಾಕಾರವಾಗಿರುತ್ತದೆ. ರೋಟರ್ ತಿರುಗುವಾಗ ಪಟ್ಟಿಗಳು ಹೊರಕ್ಕೆ ಚಾಚಿ ಉಂಗುರದ ಒಳಮೈಯನ್ನು ಸವರುತ್ತ ಸಾಗುತ್ತವೆ. ಎರಡು ಪಟ್ಟಿಗಳ ನಡುವಣ ಎಡೆ ಹಿಗ್ಗಿದಾಗ ಎಣ್ಣೆ ಒಳಬರುತ್ತದೆ, ಕುಗ್ಗಿದಾಗ ಒತ್ತಡದೊಡನೆ ಹೊರಹೋಗುತ್ತದೆ. ಅಂಡಾಕಾರದ ಕಾರಣದಿಂದ ಒಂದು ಸುತ್ತಿನಲ್ಲಿ ಈ ಕ್ರಿಯೆ ಎರಡು ಬಾರಿ ನಡೆಯುತ್ತದೆ. ಒತ್ತಡದ ಎರಡು ನೆಲೆಗಳು ಎದುರುಬದುರಾಗಿರುವುದರಿಂದ ದಂಡವು ಒಂದೇ ಕಡೆಗೆ ಒತ್ತಲ್ಪಡುವುದಿಲ್ಲ. ಕಾರುಗಳಲ್ಲಿಯೂ ಈ ಒತ್ತಡವು 100 ಬಾರ್‌ನ ಆಸುಪಾಸಿಗೆ, ಎಂದರೆ ವಾಯುಭಾರದ ಸುಮಾರು ನೂರು ಪಟ್ಟಿಗೆ, ಏರಬಲ್ಲದು.

ಬಿಚ್ಚುವುದಕ್ಕೆ ಬಲ ಸಾಕು. ಜೋಡಿಸುವುದಕ್ಕೆ ಅರಿವು ಬೇಕು. ‘ಮರ’ ಎಂಬ ಪ್ರಕೃತಿಗೆ ಮೊದಲು ‘ಗಳು’, ಬಳಿಕ ‘ಇಂದ’ ಸೇರಿದರೆ ‘ಮರಗಳಿಂದ’ ಆಗುತ್ತದೆ. ವಿಭಕ್ತಿ ಪ್ರತ್ಯಯವನ್ನು ಮುಂದಿಟ್ಟು ಬಹುವಚನ ಪ್ರತ್ಯಯವನ್ನು ಹಿಂದಿಟ್ಟರೆ ಪದವೇ ಆಗದು. ಪಂಪಿನ ಜೋಡಣೆಯೂ ಹಾಗೆಯೇ. ಆದರೆ ಒಂದು ಭೇದವಿದೆ: ತಪ್ಪಾಗಿ ಕಟ್ಟಿದ ಪದವು ಕೂಡಲೇ ಕಿವಿಗೆ ಒರಟಾಗಿ ಕೇಳುತ್ತದೆ, ತಪ್ಪಾಗಿ ಜೋಡಿಸಿದ ಪಂಪಾದರೋ ಹೊರನೋಟಕ್ಕೆ ಸರಿಯಾಗಿಯೇ ಕಾಣುತ್ತದೆ.

ಜೋಡಣೆಯ ಮೊದಲ ಹೆಜ್ಜೆ ಶುದ್ಧಿ. ಪ್ರತಿಯೊಂದು ಭಾಗವನ್ನೂ ತೊಳೆದು, ನೂಲೆಳೆ ಬಿಡದ ಬಟ್ಟೆಯಿಂದ ಒರೆಸಬೇಕು. ಮರಳಿನ ಒಂದು ಕಣ ಉಳಿದರೂ ಅದು ಉಂಗುರದ ನುಣುಪಾದ ಒಳಮೈಯನ್ನು ಗೀರುತ್ತದೆ. ಹಳೆಯ ಆಯಿಲ್ ಸೀಲ್ ಮತ್ತು ಓ-ರಿಂಗ್‌ಗಳನ್ನು ಮತ್ತೆ ಬಳಸಬಾರದು. ಹೊಸತನ್ನು ಸ್ಟೀರಿಂಗ್ ಎಣ್ಣೆಯಲ್ಲಿ ಅದ್ದಿ ಕೂರಿಸಬೇಕು. ಒಣಗಿದ ರಬ್ಬರು ತಿರುಚಿಕೊಂಡು ಹರಿಯುತ್ತದೆ.

ಎರಡನೆಯದು ದಂಡದ ಸೀಲ್. ಅದರ ತುಟಿ ಎಣ್ಣೆಯಿರುವ ಒಳಭಾಗಕ್ಕೆ ಮುಖಮಾಡಿರಬೇಕು. ಎಣ್ಣೆಯ ಒತ್ತಡವೇ ತುಟಿಯನ್ನು ದಂಡಕ್ಕೆ ಅಪ್ಪಿಸಿ ಹಿಡಿಯುವಂತೆ ಅದನ್ನು ರೂಪಿಸಲಾಗಿದೆ; ತಿರುಗುಮುರುಗಾದರೆ ಅದೇ ಒತ್ತಡವು ತುಟಿಯನ್ನು ಎತ್ತಿ ಎಣ್ಣೆಯನ್ನು ಹೊರಚೆಲ್ಲುತ್ತದೆ. ದಂಡವನ್ನು ತೂರಿಸುವಾಗ ಅದರ ಹಲ್ಲುಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಸುತ್ತಿದರೆ ತುಟಿ ಕೊಯ್ದುಹೋಗದು.

ಮೂರನೆಯದು ಪಂಪಿನ ಹೃದಯಭಾಗ. ನೆಲೆಗೂಟಗಳನ್ನು ಇಟ್ಟು, ಅವುಗಳ ಮೇಲೆ ಒತ್ತುಫಲಕವನ್ನೂ ಕ್ಯಾಮ್ ರಿಂಗನ್ನೂ ಕೂರಿಸಬೇಕು. ಉಂಗುರದ ಮೇಲೆ ಬಾಣದ ಗುರುತಿದ್ದರೆ ಅದು ದಂಡ ತಿರುಗುವ ದಿಕ್ಕನ್ನು ಸೂಚಿಸುತ್ತದೆ, ಅದನ್ನು ಕಡೆಗಣಿಸುವಂತಿಲ್ಲ. ರೋಟರನ್ನು ದಂಡದ ಹಲ್ಲುಗಳಿಗೆ ಸೇರಿಸಿ ಸರ್ಕ್ಲಿಪ್ ಹಾಕಿದ ಮೇಲೆ ಒಂದೊಂದು ಸೀಳಿಗೆ ಒಂದೊಂದು ಪಟ್ಟಿಯನ್ನು ಇಳಿಸಬೇಕು. ಪಟ್ಟಿಯ ಒಂದು ಅಂಚು ದುಂಡಗೆ, ಇನ್ನೊಂದು ಚಪ್ಪಟೆಯಾಗಿರುತ್ತದೆ. ದುಂಡಂಚು ಹೊರಗೆ, ಉಂಗುರದ ಕಡೆಗೆ ಇರಬೇಕು. ಮರೆತು ಚಪ್ಪಟೆಯಂಚನ್ನು ಹೊರಗಿಟ್ಟರೆ ಅದರ ಮೂಲೆಗಳು ಉಂಗುರವನ್ನು ಕೆರೆದುಹಾಕುತ್ತವೆ. ಪ್ರತಿ ಪಟ್ಟಿಯೂ ತನ್ನ ಸೀಳಿನಲ್ಲಿ ತಡೆಯಿಲ್ಲದೆ ಜಾರಬೇಕು.

ನಾಲ್ಕನೆಯದು ಹರಿವನ್ನು ನಿಯಂತ್ರಿಸುವ ಕವಾಟ. ಎಂಜಿನ್ ವೇಗವಾಗಿ ತಿರುಗಿದಾಗ ಪಂಪು ಅಗತ್ಯಕ್ಕಿಂತ ಹೆಚ್ಚು ಎಣ್ಣೆಯನ್ನು ನೂಕುತ್ತದೆ. ಹೆಚ್ಚಾದುದನ್ನು ಈ ಕವಾಟವು ಒಳಕ್ಕೇ ಮರಳಿಸುತ್ತದೆ. ಒತ್ತಡ ಮಿತಿಮೀರಿದಾಗ ಬಿಡುಗಡೆ ನೀಡುವ ಸಣ್ಣ ಕವಾಟವೂ ಸಾಮಾನ್ಯವಾಗಿ ಇದರ ಒಡಲಲ್ಲಿಯೇ ಇರುತ್ತದೆ. ಮೊದಲು ಸ್ಪ್ರಿಂಗ್, ಬಳಿಕ ಕವಾಟ, ಕೊನೆಗೆ ಮುಚ್ಚಳ. ಕವಾಟವು ಬೆರಳಿನಿಂದ ಒತ್ತಿದಾಗ ಒಳಹೋಗಿ, ಬಿಟ್ಟಾಗ ತಾನೇ ಹಿಂದಿರುಗಬೇಕು.

ಹಿಂಬದಿಯ ಫಲಕವನ್ನು ಮುಚ್ಚಿದ ಮೇಲೆ ದಂಡವನ್ನು ಕೈಯಿಂದ ತಿರುಗಿಸಿ ನೋಡಬೇಕು. ಎಲ್ಲಿಯೂ ಹಿಡಿತ ಕಂಡುಬರಬಾರದು. ಪುಲ್ಲಿಯನ್ನು ಸುತ್ತಿಗೆಯಿಂದ ಬಡಿದು ಸೇರಿಸಬಾರದು. ಆ ಪೆಟ್ಟು ದಂಡದ ಮೂಲಕ ಒಳಗಿನ ಬೇರಿಂಗಿಗೂ ಫಲಕಕ್ಕೂ ತಗಲುತ್ತದೆ. ಅದಕ್ಕಾಗಿಯೇ ಇರುವ ಒತ್ತುಸಾಧನವನ್ನು ಬಳಸಬೇಕು. ವಾಹನಕ್ಕೆ ಅಳವಡಿಸಿ ಎಣ್ಣೆ ತುಂಬಿದ ಬಳಿಕ, ಮುಂದಿನ ಗಾಲಿಗಳನ್ನು ನೆಲದಿಂದೆತ್ತಿ, ಎಂಜಿನ್ ಚಾಲೂ ಮಾಡದೆ ಸ್ಟೀರಿಂಗನ್ನು ಎರಡೂ ಕಡೆಗೆ ಹಲವು ಬಾರಿ ತಿರುಗಿಸಿ ಗಾಳಿಯನ್ನು ಹೊರಗೆಡಹಬೇಕು. ಎಣ್ಣೆ ನೊರೆಗಟ್ಟಿ ಹಾಲಿನಂತೆ ಬೆಳ್ಳಗಾದರೆ ಗಾಳಿ ಇನ್ನೂ ಉಳಿದಿದೆಯೆಂದು ಅರ್ಥ. ವಿವರಗಳು ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ತಯಾರಕರ ಕೈಪಿಡಿಯೇ ಅಂತಿಮ ಪ್ರಮಾಣ.

ಇಷ್ಟೊಂದು ಎಚ್ಚರಿಕೆ ಏಕೆ? ಗೀರಿದ ಉಂಗುರದ ಎಡೆಯಿಂದ ಎಣ್ಣೆ ಒಳಗೊಳಗೇ ಸೋರುತ್ತದೆ. ನೇರವಾದ ರಸ್ತೆಯಲ್ಲಿ ಎಂಜಿನ್ ವೇಗವಾಗಿ ತಿರುಗುವಾಗ ಎಣ್ಣೆ ಧಾರಾಳವಾಗಿರುವುದರಿಂದ ಆ ಸೋರಿಕೆ ತಿಳಿಯುವುದೇ ಇಲ್ಲ. ಕಡುತಿರುವಿನಲ್ಲಿ ಎಂಜಿನ್ನಿನ ವೇಗ ತಗ್ಗುತ್ತದೆ, ಎಣ್ಣೆಯ ಹರಿವು ಕ್ಷೀಣಿಸುತ್ತದೆ. ಬೇಕಾದ ಒತ್ತಡ ಮಾತ್ರ ಹೆಚ್ಚುತ್ತದೆ. ಆಗ ಸೋರಿಕೆಯ ಪಾಲೇ ದೊಡ್ಡದಾಗಿ ಸ್ಟೀರಿಂಗ್ ಭಾರವಾಗುತ್ತದೆ. ಕಾರ್ಯಾಗಾರದ ಮೇಜಿನ ಮೇಲೆ ತಲೆಕೆಳಗಾದ ಒಂದು ಪಟ್ಟಿ ಘಾಟಿಯ ತಿರುವಿನಲ್ಲಿ ಲೆಕ್ಕ ಕೇಳುತ್ತದೆ.

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಮುಂದೆ ಇಂತಹ ಕೈಪಿಡಿಗಳನ್ನು ಬರೆಯಬೇಕಾಗಿ ಬಂದೀತು, ಅನುವಾದಿಸಬೇಕಾಗಿ ಬಂದೀತು. ‘ದುಂಡಂಚು ಹೊರಗಿರಲಿ’ ಎಂದಷ್ಟೇ ಬರೆದರೆ ಓದಿದವನು ಮರೆಯಬಹುದು. ‘ಇಲ್ಲವಾದರೆ ಉಂಗುರ ಕೆರೆದುಹೋಗುತ್ತದೆ’ ಎಂಬ ಮಾತನ್ನೂ ಸೇರಿಸಿದರೆ ಮರೆಯಲಾರ. ವಿಧಿಯೊಡನೆ ಕಾರಣವನ್ನೂ ಹೇಳುವುದು ಅಂತಹ ಬರವಣಿಗೆಯ ಮೊದಲ ಕರ್ತವ್ಯ.