ವಸತಿ ಆಡಳಿತ ಮತ್ತು ನಿವಾಸಿಗಳ ನುಡಿ: ಗ್ರೆನ್‌ಫೆಲ್ ನಿದರ್ಶನ

ವಸತಿ ಸಂಸ್ಥೆಗಳ ನಾಯಕತ್ವದಲ್ಲಿ ಬಹುತ್ವವೆಂದರೆ ವಿವಿಧ ವರ್ಗದವರಿಗೆ ಸ್ಥಾನ ದೊರೆಯುವುದಷ್ಟೇ ಅಲ್ಲ. ಭಿನ್ನ ನುಡಿಗೆ ದಂಡ ತೆರಬೇಕಾಗದ ಸ್ಥಿತಿಯೂ ಹೌದು. ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್ ವಸತಿ ಸಮುಚ್ಚಯವು ಈ ದೃಷ್ಟಿಯಿಂದ ಪರಿಶೀಲನಾರ್ಹ. ಅದನ್ನು ನಿರ್ವಹಿಸುತ್ತಿದ್ದ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ನಿವಾಸಿಗಳೂ ಇದ್ದರು. ಆದರೂ ಸುರಕ್ಷತೆಯ ಲೋಪಗಳನ್ನು ಎತ್ತಿ ಹೇಳಿದವರು ಅದರ ಕಣ್ಣಿಗೆ ತಂಟೆಕೋರರಾಗಿ ಕಂಡರೆಂಬುದನ್ನು 2024ರ ವಿಚಾರಣಾ ವರದಿ ದಾಖಲಿಸಿದೆ. ಘೋರ ಅನಾಹುತವೊಂದೇ ಆಡಳಿತದ ಅಸಮರ್ಥತೆಯನ್ನು ಬಯಲು ಮಾಡೀತೆಂದು ನಿವಾಸಿಗಳ ಗುಂಪೊಂದು 2016ರ ನವೆಂಬರಿನಲ್ಲಿ ಬರೆದಿತ್ತು. 2017ರ ಜೂನ್ 14ರ ಬೆಂಕಿ ದುರಂತಕ್ಕೆ 72 ಮಂದಿ ಬಲಿಯಾದರು. ಅವರಲ್ಲಿ ಅನೇಕರು ವಲಸೆ ಕುಟುಂಬದವರು.

ಜನರ ಬಾಯಿಮಾತನ್ನು ಅನುಭವಜನ್ಯ ಜ್ಞಾನವೆಂದು ಪರಿಗಣಿಸುವುದು ಜಾನಪದ ಅಧ್ಯಯನದ ಮೂಲ ನಿಲುವು. ನಿವಾಸಿಯ ದೂರು ಅಂತಹುದೇ ಜ್ಞಾನ. ಹೇಳಿದವರಿಗೆ ಕೆಟ್ಟ ಹೆಸರು ಹಚ್ಚುವ ಆಡಳಿತವು, ಮಂಡಳಿಯಲ್ಲಿ ಎಷ್ಟೇ ಬಹುತ್ವವಿದ್ದರೂ, ಆ ಜ್ಞಾನದಿಂದ ವಂಚಿತವಾಗುತ್ತದೆ.