ಉಬ್ಬಿದ ಬ್ಯಾಟರಿ ಒಣಕಸ ಅಲ್ಲ

ಇವತ್ತಿನ ವಿಷಯ ನಮ್ಮನೆ ಡ್ರಾಯರ್‌ನಲ್ಲೇ ಸಿಕ್ತು. ಹೋದ ತಿಂಗಳು ಪುಣೆಯಲ್ಲಿ ಮನೆ ಬದಲಾಯಿಸುವಾಗ ಅಮ್ಮನ ಹಳೇ ಫೋನ್ ಕೈಗೆ ಬಂತು. ಹಿಂದಿನ ಮುಚ್ಚಳ ಪೂರಿ ಥರ ಉಬ್ಬಿತ್ತು. ಯೋಚನೆ ಮಾಡದೆ ಒಣಕಸದ ಚೀಲಕ್ಕೆ ಹಾಕಿಬಿಟ್ಟೆ. ಬೆಳಿಗ್ಗೆ ಕಸ ತಗೊಳ್ಳೋಕೆ ಬರೋ ಮಾವುಶಿ ಬಾಗಿಲಲ್ಲೇ ಚೀಲ ಬಿಚ್ಚಿ ಬರಿಗೈಲಿ ಬೇರ್ಪಡಿಸೋದನ್ನ ನೋಡಿ ಎದೆ ಧಸಕ್ ಅಂತು. ಓಡಿಹೋಗಿ ಫೋನ್ ವಾಪಸ್ ತಗೊಂಡೆ. ಎಂಟೆಕ್ ಓದಿದ ನನಗೇ ಇಷ್ಟು ಹೊತ್ತು ಬೇಕಾಯ್ತು.

ಬ್ಯಾಟರಿ ಉಬ್ಬೋದು ಯಾಕೆ? ಲಿಥಿಯಂ ಅಯಾನ್ ಸೆಲ್ಲಿನೊಳಗೆ ಎರಡು ವಿದ್ಯುದ್ವಾರಗಳು, ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ, ಜೊತೆಗೆ ಬೇಗ ಹೊತ್ತಿಕೊಳ್ಳುವ ದ್ರಾವಣ ಇರುತ್ತದೆ. ಹಳೆಯದಾದಂತೆ, ಬಿಸಿಯಾದಂತೆ ಆ ದ್ರಾವಣ ವಿಘಟನೆಯಾಗಿ ಅನಿಲ ಹುಟ್ಟುತ್ತದೆ. ಅದೇ ಈ ಉಬ್ಬು. ಅದನ್ನು ಒತ್ತಿದರೆ, ಚುಚ್ಚಿದರೆ ಪೊರೆ ಹರಿದು ಒಳಗೇ ಶಾರ್ಟ್ ಆಗಬಹುದು. ಆಗ ಬಿಸಿಯೇ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತಾ ಬೆಂಕಿವರೆಗೆ ಹೋಗುತ್ತೆ. ಕಸ ಒತ್ತುವ ಲಾರಿಯೊಳಗೆ ಇದಾದರೆ ಏನು ಗತಿ, ನೀವೇ ಯೋಚಿಸಿ.

"ರಾತ್ರಿಯಿಡೀ ಚಾರ್ಜಿಗಿಟ್ರೆ ಸಿಡಿಯುತ್ತೇನೋ?" ಅಂತ ಅಮ್ಮ ಕೇಳ್ತಾರೆ. ಸರಿಯಾಗಿರೋ ಫೋನಿನಲ್ಲಿ ಸರ್ಕ್ಯೂಟ್ ಕಾವಲಿರುತ್ತೆ. ವೋಲ್ಟೇಜ್ ಮಿತಿ ಮುಟ್ಟಿದ ಮೇಲೆ (ಹಲವು ಸೆಲ್‌ಗಳಲ್ಲಿ ಇದು 4.2 ವೋಲ್ಟ್) ಕರೆಂಟ್ ಇಳಿಸುತ್ತಾ ಹೋಗಿ ನಿಲ್ಲಿಸಿಬಿಡುತ್ತದೆ. ನಿಜವಾದ ಶತ್ರು ಬಿಸಿ. ಹಾಗಾಗಿ ದಿಂಬಿನ ಕೆಳಗೆ, ಹಾಸಿಗೆ ಮೇಲೆ ಚಾರ್ಜ್ ಮಾಡಬೇಡಿ. ಚೆನ್ನೈ, ಹೈದರಾಬಾದ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಫೋನ್ ಬಿಡಬೇಡಿ. ಫೋನ್ ತುಂಬಾ ಬಿಸಿಯಾದ್ರೆ ಚಾರ್ಜರ್ ತೆಗೆದು, ಕವರ್ ಬಿಚ್ಚಿ ಆರಲು ಬಿಡಿ. ಹೆಚ್ಚಿನ ಹೊತ್ತು 20ರಿಂದ 80 ಪರ್ಸೆಂಟ್ ನಡುವೆ ಇಟ್ಟರೆ ಬ್ಯಾಟರಿ ಆಯಸ್ಸೂ ಹೆಚ್ಚು. ಚಾರ್ಜರ್ ಕೊಳ್ಳುವಾಗ ಬಿಐಎಸ್ ಗುರುತು ನೋಡಿ.

ಉಬ್ಬಿದ್ದು ಕಂಡರೆ? ಸ್ವಿಚ್ ಆಫ್ ಮಾಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಒತ್ತಿ ಮುಚ್ಚಳ ಕೂರಿಸೋ ಸಾಹಸ ಬೇಡ. ಬಟ್ಟೆ, ಕಾಗದದಿಂದ ದೂರ, ಒಣ ಮರಳಿರುವ ಡಬ್ಬಿಯಲ್ಲಿಡಿ, ಮುಚ್ಚಳ ಬಿಗಿ ಮಾಡಬೇಡಿ. ಬಿಡಿ ಬ್ಯಾಟರಿಯಾದರೆ ಅದರ ಲೋಹದ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಹೊಗೆ ಬಂದರೆ ಕೈಯಲ್ಲಿ ಎತ್ತಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ 101ಕ್ಕೆ ಇಲ್ಲವೇ 112ಕ್ಕೆ ಕರೆ ಮಾಡಿ.

ಆಮೇಲೆ ಎಲ್ಲಿಗೆ ಕೊಡೋದು? 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸೋ ಹೊಣೆ ಉತ್ಪಾದಕರದ್ದು. ಅದನ್ನ ಮನೆಕಸದಿಂದ ಬೇರೆ ಇಡೋ ಹೊಣೆ ನಮ್ಮದು. ನಾನು ಮೊದಲು ಫೋನ್ ಮಾಡಿ ವಿಚಾರಿಸಿ, ಆ ಫೋನನ್ನ ಕಂಪನಿಯ ಸರ್ವೀಸ್ ಸೆಂಟರ್‌ಗೇ ಕೊಟ್ಟು ಬಂದೆ. ಕೊರಿಯರ್‌ನಲ್ಲಿ ಮಾತ್ರ ಕಳಿಸಬೇಡಿ.

ಇವತ್ತು ನಿಮ್ಮ ಡ್ರಾಯರ್ ಒಮ್ಮೆ ತೆಗೆದು ನೋಡಿ. ನಾವು ಎಸೆದದ್ದನ್ನ ಮುಟ್ಟೋ ಕೈಯೊಂದು ಬಾಗಿಲಾಚೆ ಇದೆ. ಮತ್ತೆ ಸಿಗೋಣ.